ಇಂಗ್ಲಿಷ್ ಹೋಮ್‌ವರ್ಕ್: ಉತ್ತರ ಬರೆಸದೆ ಮಕ್ಕಳಿಗೆ ನೆರವಾಗುವುದು ಹೇಗೆ?

ಪ್ರಶ್ನೆ (ಕುಮಟಾ ಕಡೆಯವಳು):
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ ಸಂಜೆ ಬರುವ ಹತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಹೋಮ್‌ವರ್ಕಿನಲ್ಲಿ ನೆರವಾಗುತ್ತಿದ್ದೇನೆ. ಎಲ್ಲರೂ ಕನ್ನಡ ಮಾಧ್ಯಮದವರು. ಷೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಶಿಯಾ ದಯೆಯ ಕುರಿತು ಆಡುವ ಮಾತುಗಳನ್ನು ಅವರು ಪದ್ಯವಾಗಿ ಓದುತ್ತಿದ್ದಾರೆ. ಪ್ರಶ್ನೆ ಓದಿದ ಕೂಡಲೇ, “ಅಕ್ಕೋರೆ, ಉತ್ತರ ಹೇಳಿ, ಬರೆದುಕೊಳ್ಳುತ್ತೇವೆ” ಎನ್ನುತ್ತಾರೆ. ನಾನು ಹೇಳದಿದ್ದರೆ ಗೈಡಿನಿಂದಲೋ ಮೊಬೈಲಿನಿಂದಲೋ ಇಳಿಸಿಕೊಂಡು ಬರುತ್ತಾರೆ. ಹಾಗೆ ತಂದ ಉತ್ತರದಲ್ಲಿ ತಪ್ಪು ಸಿಗುವುದಿಲ್ಲ, ಆದರೆ ಅದರ ಒಂದು ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳೆಂದರೆ ತಲೆ ತಗ್ಗಿಸುತ್ತಾರೆ. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡಿ ಹೇಳುವ ರಿಪೋರ್ಟೆಡ್ ಸ್ಪೀಚಿನ ಅಭ್ಯಾಸಗಳಲ್ಲಂತೂ ನಿಯಮ ಬಾಯಿಗೆ ಬಂದರೂ ವಾಕ್ಯ ಕೆಡುತ್ತದೆ. ಅನುಭವಿಗಳು ದಾರಿ ತೋರಿಸಬೇಕು.

ಉತ್ತರ (ಶಿರಸಿಯ ನಿವೃತ್ತ ಮಾಸ್ತರ):
ತಂಗೀ, ಪದ್ಯದ ಅರ್ಥಕ್ಕೆ ಕೈಹಾಕುವ ಮೊದಲು, ಆ ಮಾತು ಯಾರ ಯಾವ ಪ್ರಶ್ನೆಗೆ ಮರುಮಾತಾಗಿ ಬಂದಿತೆಂಬುದನ್ನು ಮಕ್ಕಳಿಗೆ ತಿಳಿಸು. ಆಂಟೋನಿಯೋ ಮೂರು ಸಾವಿರ ಡುಕಾಟು ನಾಣ್ಯಗಳ ಸಾಲಕ್ಕೆ ಹೊಣೆಯಾಗಿ, ಅವಧಿಯೊಳಗೆ ತೀರಿಸದಿದ್ದರೆ ತನ್ನ ಮೈಯಿಂದ ಒಂದು ಪೌಂಡ್ ಮಾಂಸ ಕೊಡುವುದಾಗಿ ಸಾಲ ಕೊಟ್ಟ ಶೈಲಾಕನಿಗೆ ಪತ್ರ ಬರೆದುಕೊಟ್ಟಿದ್ದಾನೆ. ನಾಲ್ಕನೆಯ ಅಂಕದ ನ್ಯಾಯಸಭೆಗೆ ವಕೀಲನ ವೇಷದಲ್ಲಿ ಬಂದ ಪೋರ್ಶಿಯಾ, ಶೈಲಾಕನು ದಯೆ ತೋರಲೇಬೇಕು ಎನ್ನುತ್ತಾಳೆ. ಯಾವ ಒತ್ತಾಯಕ್ಕೆ ಕಟ್ಟುಬಿದ್ದು ತೋರಬೇಕು ಎಂದು ಅವನು ಕೇಳುತ್ತಾನೆ. ದಯೆಗೆ ಒತ್ತಾಯ ಸಲ್ಲದು ಎಂಬ ಮೊದಲ ಸಾಲು ನೇರವಾಗಿ ಆ ಪ್ರಶ್ನೆಗೇ ತಗಲುತ್ತದೆ. ಈ ಭಾಗವನ್ನಷ್ಟೇ ಬಿಡಿಸಿ ಪದ್ಯವಾಗಿ ಕೊಟ್ಟಾಗ ಹಿಂದಿನ ಪ್ರಶ್ನೆ ಮರೆಯಾಗಿ, ಮಕ್ಕಳಿಗೆ ಅದು ಬರಿಯ ನೀತಿಬೋಧೆಯಾಗಿ ಕಾಣಿಸುತ್ತದೆ.

ಮುಂದಿನ ಸಾಲಿನ ಮಳೆಯ ಬಳಿ ಸ್ವಲ್ಪ ಹೊತ್ತು ನಿಲ್ಲು. ಆಷಾಢದಲ್ಲಿ ಅಡಿಕೆ ಮರಗಳನ್ನು ಬಾಗಿಸುವ ಮಳೆಯನ್ನು ಕಂಡ ನಮ್ಮ ಘಟ್ಟದ ಮಕ್ಕಳಿಗೆ ಪೋರ್ಶಿಯಾ ಹೇಳುವ ಮೆಲುಮಳೆ ಸುಲಭಕ್ಕೆ ಹೊಳೆಯದು. ಅದು ಯಾರ ಅಪ್ಪಣೆಗೂ ಕಾಯದೆ ಮೇಲಿನಿಂದ ತಾನಾಗಿ ಇಳಿಯುತ್ತದೆ ಎಂಬುದನ್ನು ಅವರ ಬಾಯಿಂದಲೇ ಕನ್ನಡದಲ್ಲಿ ಹೊರಡಿಸಿದರೆ, ಒತ್ತಾಯವಿಲ್ಲದ ದಯೆಗೆ ಮಳೆಯ ಹೋಲಿಕೆ ಏಕೆಂಬುದನ್ನು ನೀನು ಹೇಳಿಕೊಡಬೇಕಾಗಿಲ್ಲ. ಇಷ್ಟೆಲ್ಲ ಕೇಳಿದ ಮೇಲೂ ಶೈಲಾಕ ಕರಗದೆ ಕಾನೂನನ್ನೇ ಬೇಡುತ್ತಾನೆ. ಅವನ ಮನಸ್ಸು ಬದಲಾಯಿತೆಂದು ಬರೆಯುವ ಮಕ್ಕಳೇ ಹೆಚ್ಚು.

ಉತ್ತರ (ಕಾರವಾರದ ಪಾಲಕ):
ಮಾಸ್ತರರು ಹೇಳಿದ್ದು ಸರಿಯೇ ಇರಬಹುದು, ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಲಿಖಿತ ಪರೀಕ್ಷೆಗೇ 80 ಅಂಕಗಳಿವೆ, ಎರಡು ಮೂರು ವಾಕ್ಯಗಳಲ್ಲಿ ಉತ್ತರ ಮುಗಿಸಬೇಕು. ಸಿದ್ಧ ಉತ್ತರವನ್ನು ಬಾಯಿಪಾಠ ಮಾಡಿದ ನನ್ನ ಮಗನಿಗೆ ಅಂಕ ಬಂದಿದೆ. ಎಲ್ಲ ಮಕ್ಕಳಿಗೂ ನಾಟಕದ ಕಥೆ ಹೇಳುತ್ತ ಕುಳಿತರೆ ಉಳಿದ ವಿಷಯಗಳ ಗತಿಯೇನು?

ಉತ್ತರ (ಹೊನ್ನಾವರದ ಇಂಗ್ಲಿಷ್ ಶಿಕ್ಷಕಿ):
ಸರ್, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಬಾಯಿಪಾಠದ ಉತ್ತರ ನಿಲ್ಲುವುದಿಲ್ಲ. ಆದರೆ ಹೊತ್ತಿನ ಬಗ್ಗೆ ನೀವು ಹೇಳಿದ್ದನ್ನು ತಳ್ಳಿಹಾಕಲಾರೆ, ಆದ್ದರಿಂದ ನಾನು ಒಂದು ಪದ್ಯಕ್ಕೆ ಹೀಗೆ ಮಾಡಿ ಉಳಿದವುಗಳನ್ನು ಬೇಗ ಮುಗಿಸುತ್ತೇನೆ.

ಇನ್ನು ರಿಪೋರ್ಟೆಡ್ ಸ್ಪೀಚ್. ಕನ್ನಡದಲ್ಲಿ ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂದರೆ ಸಾಕು, ಒಳಗಿನ ಮಾತು ಆಡಿದಂತೆಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ವರದಿ ಮಾಡುವವನು ತಾನು ನಿಂತ ಜಾಗ ಮತ್ತು ಹೊತ್ತಿನಿಂದ ಆ ಮಾತನ್ನು ನೋಡುವುದರಿಂದ, ‘ಐ’ ಹೋಗಿ ‘ಹೀ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಬರುತ್ತವೆ. ಮಕ್ಕಳಿಗೆ ಪಟ್ಟಿ ಕೊಡುವುದಕ್ಕಿಂತ, ಮಾತಾಡಿದವರು ಯಾರು, ಕೇಳಿದವರು ಯಾರು, ಅದನ್ನು ಈಗ ಹೇಳುತ್ತಿರುವವರು ಯಾರು, ಎಷ್ಟು ದಿನ ಕಳೆದಿದೆ ಎಂದು ಕೇಳಿ. ಅದೇ ದಿನ ವರದಿ ಮಾಡಿದರೆ ‘ಟುಮಾರೋ’ ಬದಲಾಗಬೇಕಿಲ್ಲವೆಂಬುದು ಅವರಿಗೇ ತಿಳಿಯುತ್ತದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ ಸಾರ್ವಕಾಲಿಕ ಸತ್ಯವನ್ನು ವರದಿ ಮಾಡುವಾಗ ವರ್ತಮಾನ ಕಾಲವನ್ನು ಹಾಗೆಯೇ ಉಳಿಸಬಹುದು. ಹಾಗಿದ್ದರೂ ಪಠ್ಯದ ಅಭ್ಯಾಸದಲ್ಲಿ ಯಾವಾಗ ಹೇಳಿದ್ದೆಂಬ ಸೂಚನೆಯಿಲ್ಲದಿದ್ದರೆ ‘ದ ನೆಕ್ಸ್ಟ್ ಡೇ’ ಎಂದೇ ಬರೆಸಿ, ಪರೀಕ್ಷೆಯಲ್ಲಿ ನಿರೀಕ್ಷಿಸುವುದು ಅದನ್ನೇ.