ಸಹಾಯ ಬೇಕು: ಮಗಳ ಮೆದುಳಿನ ಶಸ್ತ್ರಚಿಕಿತ್ಸೆಗೆ ಮುನ್ನ ಅನುಭವಸ್ಥರ ಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು. ನಮ್ಮ 5 ವರ್ಷದ ಮಗಳ ಕಿರುಮೆದುಳಿನಲ್ಲಿ ಗೆಡ್ಡೆ ಇರುವುದು ಎಂಆರ್‌ಐ ಮಾಡಿಸಿದಾಗ ತಿಳಿಯಿತು. ಬೆಳಿಗ್ಗೆ ಎದ್ದೊಡನೆ ವಾಂತಿ, ನಡೆಯುವಾಗ ಓಲಾಟ ಇತ್ತು. ತಲೆಯೊಳಗಿನ ದ್ರವ ಹರಿಯುವ ದಾರಿಯನ್ನು ಗೆಡ್ಡೆ ತಡೆದು ಒತ್ತಡ ಹೆಚ್ಚಿದ್ದೇ ವಾಂತಿಗೆ ಕಾರಣವಂತೆ. ಮುಂದಿನ ವಾರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಸ್ತ್ರಚಿಕಿತ್ಸೆ. ಬಿಪಿಎಲ್ ಕಾರ್ಡ್ ಇರುವುದರಿಂದ ಆಯುಷ್ಮಾನ್ ಯೋಜನೆಯ ಕಾಗದಪತ್ರ ನಡೆಯುತ್ತಿದೆ, ಹಣಕ್ಕಾಗಿ ಬರೆಯುತ್ತಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ. ಈ ಜಾಗದ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಕ್ಕೆ ಕೆಲವು ಮಕ್ಕಳ ಮಾತು ನಿಂತುಹೋಗುತ್ತದೆ, ಮರಳಲು ವಾರಗಳೋ ತಿಂಗಳುಗಳೋ ಬೇಕಾಗಬಹುದು ಎಂದು ವೈದ್ಯರು ಮೊದಲೇ ತಿಳಿಸಿದ್ದಾರೆ. ಇವಳೋ ನಿದ್ದೆಯಲ್ಲೂ ಮಾತನಾಡುವ ಹುಡುಗಿ. ಅಂಥ ದಿನಗಳನ್ನು ಕಂಡ ತಂದೆತಾಯಿಯರು ದಯವಿಟ್ಟು ಬರೆಯಿರಿ. ಮಗುವಿಗೆ ಏನು ಬೇಕೆಂದು ಹೇಗೆ ತಿಳಿದುಕೊಂಡಿರಿ? ಚಿತ್ರಗಳನ್ನು ತೋರಿಸಿದರೆ ಕೈಮಾಡುತ್ತಿದ್ದರೇ? ಸ್ಪೀಚ್ ಥೆರಪಿ ಯಾವಾಗ ಶುರುವಾಯಿತು? ಕೂದಲು ತೆಗೆಯುವುದನ್ನು, ಆ ಬೆಳಿಗ್ಗೆ ಏನೂ ತಿನ್ನಬಾರದೆಂಬುದನ್ನು ಅವಳಿಗೆ ಯಾವ ಮಾತಿನಲ್ಲಿ ಹೇಳಲಿ? ಸುಳ್ಳು ಹೇಳಿ ಒಳಗೆ ಕಳುಹಿಸಲು ನನಗೆ ಮನಸ್ಸಿಲ್ಲ.

ಅವಳ ರಕ್ತದ ಗುಂಪು ಬಿ ನೆಗೆಟಿವ್. ಬೆಂಗಳೂರಿನಲ್ಲಿರುವ ದಾನಿಗಳು ಮುಂದೆ ಬಂದರೆ ದೊಡ್ಡ ಉಪಕಾರ. ಅವಳ ಬಳಿ ನಾನಿರುತ್ತೇನೆ. ನಮ್ಮ ಯಜಮಾನರಿಗೂ ಅತ್ತೆಯವರಿಗೂ ಹೊಸೂರು ರಸ್ತೆಯ ಆಸುಪಾಸಿನಲ್ಲಿ, ಗಂಜಿ ಬೇಯಿಸಿಕೊಳ್ಳಲು ಬಿಡುವಂಥ ಕಡಿಮೆ ಬಾಡಿಗೆಯ ಕೋಣೆ ಗೊತ್ತಿದ್ದರೆ ತಿಳಿಸಿ. ಇಲ್ಲಿಯೇ ಉತ್ತರಿಸಿದರೂ ಸಾಕು, ರಾತ್ರಿ ಎಲ್ಲವನ್ನೂ ಓದುತ್ತೇನೆ.