ಓದುಗರ ಸ್ಪಂದನ: ಅಮ್ಮನಿಗೆ ಹೇಳಬೇಕೇ, ಬೇಡವೇ?

ಮದ್ದೂರು ತಾಲ್ಲೂಕಿನ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. 58 ವರ್ಷದ ತಾಯಿಗೆ ಅಂಡಾಶಯದ ಕ್ಯಾನ್ಸರ್ ಮೂರನೇ ಹಂತದಲ್ಲಿದೆ. ಮೂರು ಸುತ್ತು ಕೀಮೋ, ಅನಂತರ ಶಸ್ತ್ರಚಿಕಿತ್ಸೆ, ಮತ್ತೆ ಮೂರು ಸುತ್ತು ಕೀಮೋ ಎಂದು ವೈದ್ಯರು ಹೇಳಿದ್ದಾರೆ. ಮೊದಲ ಸುತ್ತು ಮುಗಿದಿದೆ. ತಾಯಿಗೆ ಮಾತ್ರ ‘ಗರ್ಭಕೋಶದ ಗಡ್ಡೆ, ಕರಗಿಸಲು ಡ್ರಿಪ್ಸ್ ಹಾಕುತ್ತಾರೆ’ ಎಂದು ಅಣ್ಣ ಹೇಳಿದ್ದಾರೆ. ನಿಜ ಹೇಳಿದರೆ ತಾಯಿ ಕುಸಿದುಹೋಗುತ್ತಾರೆ ಎಂಬುದು ಅಣ್ಣನ ಭಯ, ಹೇಳದಿದ್ದರೆ ತಪ್ಪಾಗುತ್ತದೆ ಎಂಬುದು ತಂಗಿಯ ಅಳುಕು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ದೀರ್ಘವಾಗಿದ್ದರೂ ನಾವು ಅದಕ್ಕೆ ಕತ್ತರಿ ಹಾಕಿಲ್ಲ.

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಿಮ್ಮ ತಾಯಿ ಈಗಿರುವ ಜಾಗದಲ್ಲಿ ಒಂಬತ್ತು ವರ್ಷಗಳ ಹಿಂದೆ ನಾನೇ ಇದ್ದೆ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತಿತ್ತು, ಸೀರೆಯ ನೆರಿಗೆ ಸಿಕ್ಕಿಸಲಾಗದಷ್ಟು ಹೊಟ್ಟೆ ಉಬ್ಬರಿಸುತ್ತಿತ್ತು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಐದು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಜೀರಿಗೆ ಕಷಾಯವನ್ನೂ ನಂಬಿಕೊಂಡು ಕುಳಿತೆ. ಸ್ಕ್ಯಾನಿಂಗ್ ಆದ ದಿನ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಯಜಮಾನರೂ ಮಗನೂ ವೈದ್ಯರ ಕೋಣೆಗೆ ಹೋಗಿಬಂದು, ‘ನೀರುಗಡ್ಡೆ, ಭಯವೇನಿಲ್ಲ’ ಎಂದರು. ಅಂದಿನಿಂದ ನಾನು ನಡುಮನೆಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತಿತ್ತು.

ಡ್ರಿಪ್ಸ್ ಹಾಕಿದ ಹನ್ನೊಂದನೆಯ ದಿನ ಜ್ವರ ಬಂದಿತು. ಮಳೆಗಾಲದ ಜ್ವರವೆಂದುಕೊಂಡು ಒಂದು ಪ್ಯಾರಾಸಿಟಮಾಲ್ ನುಂಗಿ, ಮನೆಯಲ್ಲಿ ಯಾರಿಗೂ ಹೇಳದೆ ಹೊದ್ದು ಮಲಗಿದೆ. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಕುಸಿಯುತ್ತವೆ, ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು ಎಂದು ಯಜಮಾನರಿಗೆ ಹೇಳಿ ಕಳುಹಿಸಿದ್ದರಂತೆ. ಅವರು ಅದನ್ನು ನನಗೆ ಹೇಳಿರಲಿಲ್ಲ. ಹೇಳಿದ್ದರೆ ನೀರುಗಡ್ಡೆಯ ಔಷಧಕ್ಕೆ ಇಷ್ಟೊಂದು ಎಚ್ಚರಿಕೆ ಏಕೆಂದು ನಾನು ಕೇಳುತ್ತಿದ್ದೆನಲ್ಲವೇ? ಮರುದಿನ ಎಚ್ಚರ ತಪ್ಪಿದವಳನ್ನು ಎತ್ತಿಕೊಂಡು ಹೋದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಕಾಯಿಲೆಯ ಹೆಸರನ್ನು ನನಗೆ ಹೇಳಿದವಳು ಪಕ್ಕದ ಹಾಸಿಗೆಯಲ್ಲಿದ್ದ ನಂಜನಗೂಡಿನ ಹೆಂಗಸು: ‘ನಿಮಗೂ ಓವರಿದೇನಾ ಅಕ್ಕಾ? ಎಷ್ಟನೇ ಕೀಮೋ?’

ಆಮೇಲೆ ನಾನು ಯಜಮಾನರೊಂದಿಗೆ ಆರು ವಾರ ಮಾತು ಬಿಟ್ಟೆ. ಒಲೆಯ ಮುಂದೆ ಎಂದೂ ನಿಲ್ಲದವರು ಗಂಜಿ ಕಾಯಿಸಿ ತಂದಿಟ್ಟರೂ ಅವರ ಮುಖ ನೋಡಲಿಲ್ಲ. ಆಪರೇಷನ್ ಆಯಿತು, ಉಳಿದ ಕೀಮೋಗಳೂ ಮುಗಿದವು. ಬೆರಳ ತುದಿಯ ಜೋಮು ಇಂದಿಗೂ ಇದೆ, ನಾನೂ ಇದ್ದೇನೆ. ಅವರು ಎರಡು ವರ್ಷಗಳ ಬಳಿಕ ಹೃದಯಾಘಾತದಿಂದ ತೀರಿಕೊಂಡರು. ಆ ಆರು ವಾರಗಳನ್ನು ಈಗ ಯಾರಲ್ಲಿ ಕೇಳಿ ಪಡೆಯಲಿ? ಅವರು ಎಷ್ಟು ಹೆದರಿದ್ದರೆಂಬುದು ನನಗೆ ಆಗ ಹೊಳೆಯಲೇ ಇಲ್ಲ. ನಿಮ್ಮ ಅಣ್ಣನನ್ನು ಬೈಯಬೇಡಿ. ಆದರೆ ಎರಡನೆಯ ಸುತ್ತಿಗೆ ಮುಂಚೆ ತಾಯಿಗೆ ಹೇಳಿಬಿಡಿ.
– ಹೆಸರು ಬೇಡ, ಸರಸ್ವತಿಪುರಂ, ಮೈಸೂರು

ಮುಂದಿನದು ಅಂಚೆ ಕಾರ್ಡಿನಲ್ಲಿ ಬಂದದ್ದು.

ಹೊಟ್ಟೆ ಆಕೆಯದು, ನೋವು ಆಕೆಯದು, ಗುಟ್ಟು ಮಾತ್ರ ಮಕ್ಕಳದೇ? ಆಕೆಯೇನು ಎಳೆಗೂಸೇ?
– ನಿವೃತ್ತ ಶಿಕ್ಷಕಿ, ಮಂಡ್ಯ

ಅಣ್ಣನ ಪರವಾಗಿ ಬರೆದವರೂ ಇದ್ದಾರೆ. ಅವರ ನೋವೂ ನಿಜವಾದುದೇ.

ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್ ಆದಾಗ ಇದ್ದದ್ದನ್ನು ಇದ್ದಂತೆ ಹೇಳಿದೆವು. ಮರುದಿನದಿಂದ ಗದ್ದೆಯ ಕಡೆಗೆ ಹೋಗುವುದನ್ನು ಬಿಟ್ಟರು, ಊಟ ಬಿಟ್ಟರು, ಆಸ್ಪತ್ರೆಗೂ ಬರಲೊಪ್ಪದೆ ಗೋಡೆಗೆ ಮುಖ ಮಾಡಿ ಮಲಗಿದರು. ಮೂರು ತಿಂಗಳೂ ಬದುಕಲಿಲ್ಲ. ಪಟ್ಟಣದವರ ನೀತಿಯನ್ನು ಹಳ್ಳಿಯ ಜೀವಗಳ ಮೇಲೆ ಹೇರಬೇಡಿ.
– ರೈತ, ಪಾಂಡವಪುರ ತಾಲ್ಲೂಕು

ಇದ್ದದ್ದನ್ನೆಲ್ಲ ಒಂದೇ ದಿನ ಒಂದೇ ಉಸಿರಿಗೆ ಹೇಳಬೇಕೆಂದೇನೂ ಇಲ್ಲ ಎಂದಷ್ಟೇ ಇಲ್ಲಿ ಸೇರಿಸುತ್ತೇವೆ. ಮುಂದಿನ ಪತ್ರ ಕೇಳದ ಪ್ರಶ್ನೆಯೊಂದಕ್ಕೆ ಉತ್ತರಿಸಿದೆ.

ಎಲ್ಲರೂ ತಾಯಿಯ ಬಗ್ಗೆ ಬರೆಯುತ್ತಾರೆ, ನಾನು ಮಗಳ ಬಗ್ಗೆ ಬರೆಯುತ್ತೇನೆ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂದು ನೀವು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಶುಶ್ರೂಷಕಿಯಾಗಿದ್ದ ನನ್ನ ಕಣ್ಣು ಅಲ್ಲಿಯೇ ನಿಂತಿತು. ಒಂದೇ ಮನೆತನದಲ್ಲಿ ಈ ಎರಡು ಕಾಯಿಲೆಗಳು ಕಂಡರೆ ಬಿಆರ್‌ಸಿಎ ಎಂಬ ಜೀನ್‌ಗಳ ದೋಷ ವಂಶದಲ್ಲಿ ಹರಿದುಬಂದಿರಬಹುದು. ಬಿಆರ್‌ಸಿಎ-1ರಲ್ಲಿ ದೋಷವಿರುವ ನೂರು ಮಹಿಳೆಯರಲ್ಲಿ ಸುಮಾರು 40 ಮಂದಿಗೆ ಜೀವಿತಾವಧಿಯಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವಿದೆ. ‘ವರ್ಷಕ್ಕೊಮ್ಮೆ ಪ್ಯಾಪ್ ಪರೀಕ್ಷೆ ಮಾಡಿಸುತ್ತೇನೆ, ನನಗೆ ಭಯವಿಲ್ಲ’ ಎಂದು ಬರೆದಿದ್ದೀರಿ. ಪ್ಯಾಪ್ ಗರ್ಭಕೊರಳಿನ ಪರೀಕ್ಷೆ, ಅಂಡಾಶಯದ ಸುದ್ದಿ ಅದಕ್ಕೆ ತಿಳಿಯದು. ಸಿಎ-125 ಎಂಬ ರಕ್ತಪರೀಕ್ಷೆಯೂ ಅಷ್ಟೆ. ಅದರ ಮಟ್ಟ 35 ದಾಟಿದ್ದೆಲ್ಲ ಕ್ಯಾನ್ಸರಲ್ಲ, ಹೊಟ್ಟೆಯ ಕ್ಷಯದಲ್ಲಿಯೂ ಅದು ಏರುತ್ತದೆ, ಕ್ಯಾನ್ಸರಿನ ಆರಂಭದಲ್ಲಿ ಅನೇಕರಿಗೆ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷ ಮಹಿಳೆಯರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂತಹ ತಪಾಸಣೆಯಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಜೀನ್ ಪರೀಕ್ಷೆಯನ್ನು ಮೊದಲು ತಾಯಿಗೇ ಮಾಡಿಸಿ. ದೋಷವಿದ್ದರೆ ಕೀಮೋ ಫಲಿಸಿದ ಮೇಲೆ ಒಲಾಪರಿಬ್‌ನಂತಹ ಮಾತ್ರೆಗಳಿಂದ ಅವರಿಗೂ ಪ್ರಯೋಜನವಾಗಬಹುದು.
– ನಿವೃತ್ತ ಶುಶ್ರೂಷಕಿ, ಕುವೆಂಪುನಗರ, ಮೈಸೂರು

ಆ ಪರೀಕ್ಷೆಗೆ ತಾಯಿಯ ಒಪ್ಪಿಗೆ ಬೇಕಾಗುತ್ತದೆ ಎಂಬುದನ್ನು ಓದುಗರು ಗಮನಿಸಿರಬಹುದು. ನಾಟಿ ಔಷಧ ಕೊಡುವವರ ವಿಳಾಸಗಳನ್ನು ಕೆಲವರು ಕಳುಹಿಸಿದ್ದಾರೆ. ಅವರ ಕಾಳಜಿಗೆ ಕೃತಜ್ಞರಾಗಿದ್ದೇವೆ, ವಿಳಾಸಗಳನ್ನು ಪ್ರಕಟಿಸುತ್ತಿಲ್ಲ. ಕೊನೆಯದಾಗಿ, ಖರ್ಚುವೆಚ್ಚದ ಕುರಿತು ಬಂದ ಪತ್ರ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೈಸೂರಿಗೆ ಹೋಗಿಬರಲು ಸಾರಿಗೆ ಬಸ್ಸಿನಲ್ಲಿ ನಿಮಗೂ ತಾಯಿಗೂ ಶಕ್ತಿ ಯೋಜನೆಯ ಟಿಕೆಟ್ ಇದೆ, ಆಧಾರ್ ಮರೆಯಬೇಡಿ. ರೇಷನ್ ಕಾರ್ಡಿನಲ್ಲಿಯೂ ಆಧಾರ್‌ನಲ್ಲಿಯೂ ತಾಯಿಯ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ನಮ್ಮ ತಾಯಿಯ ಹೆಸರಿನ ಕೊನೆಗೆ ಒಂದರಲ್ಲಿ ‘ಅಮ್ಮ’ ಎಂದು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟಕ್ಕೆ ಹದಿನೈದು ದಿನ ಅಲೆದೆವು. ನಾವೂ ಅವರಿಗೆ ಏನನ್ನೂ ಹೇಳಿರಲಿಲ್ಲ. ಕೊನೆಗೆ ಆಸ್ಪತ್ರೆಯ ಕೌಂಟರಿನಲ್ಲಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡ ಹುಡುಗ, ಅರ್ಜಿಯಲ್ಲಿದ್ದ ಕಾಯಿಲೆಯ ಹೆಸರನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದನು.
– ಓದುಗ, ಶ್ರೀರಂಗಪಟ್ಟಣ