ಸಹಾಯ ಬೇಕು: ಮಹಾರಾಜ ಕಾಲೇಜು, 1976ರ ಬಿ.ಎ. ಗೆಳೆಯರು ಎಲ್ಲಿದ್ದೀರಿ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1976ರಲ್ಲಿ ಬಿ.ಎ. ಮುಗಿಸಿದವರು ನಾವು. 50 ವರ್ಷ ಆಯ್ತು ಅಂತ ಡಿಸೆಂಬರ್‌ನಲ್ಲಿ ಒಂದು ದಿನ ಸೇರುವ ಆಸೆ.

ನಮ್ಮ ಗ್ರೂಪ್ ಫೋಟೋದಲ್ಲಿ 42 ಜನ ಇದ್ದೇವೆ. ಫೋಟೋ ಹಿಂಬದಿಯಲ್ಲಿ ಇಂಕಿನಲ್ಲಿ ಬರೆದ ಹೆಸರುಗಳು ಅರ್ಧಕ್ಕರ್ಧ ಅಳಿಸಿಹೋಗಿವೆ. ಇಲ್ಲಿವರೆಗೆ ಸಿಕ್ಕವರು 17 ಜನ. ಒಂಬತ್ತು ಜನ ತೀರಿಕೊಂಡಿದ್ದಾರೆ. ಡೈರಿಯಲ್ಲಿರುವ ಆರಂಕಿಯ ಲ್ಯಾಂಡ್‌ಲೈನ್ ನಂಬರ್‌ಗಳು ಈಗ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹೋದ ವಾರ ಒಬ್ಬ ಗೆಳೆಯನನ್ನು ನೋಡಲು ಹೋಗಿದ್ದೆ. ಮರೆವಿನ ಕಾಯಿಲೆ. ನನ್ನ ಗುರುತೇ ಸಿಗಲಿಲ್ಲ. ಫೋಟೋ ಕೈಗೆ ಕೊಟ್ಟರೆ ಮುಂದಿನ ಸಾಲಿನವರ ಹೆಸರನ್ನು ಬೆರಳಿಟ್ಟು ಒಂದೊಂದಾಗಿ ಹೇಳಿದ! ನನ್ನ ಮುಖದ ಮೇಲೂ ಬೆರಳಿಟ್ಟು, "ಇವನು ಬರಲಿಲ್ವಾ?" ಅಂತ ಕೇಳಿದ. ಇನ್ನು ತಡ ಮಾಡಬಾರದು ಅನ್ನಿಸಿದ್ದು ಆಗಲೇ.

ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆ ಯಾರಾದರೂ ಆ ವರ್ಷ ಜೂನಿಯರ್ ಬಿ.ಎ. ಹಾಲಿನಲ್ಲಿ ಕೂತು ಪಾಠ ಕೇಳಿದವರಾ? ದಯವಿಟ್ಟು ಕೇಳಿ ನೋಡಿ. ಫೋನ್ ನಂಬರನ್ನು ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ.

ಇನ್ನೊಂದು ಸಹಾಯ. ಕುಕ್ಕರಹಳ್ಳಿ ಕೆರೆ ಆಸುಪಾಸಿನಲ್ಲಿ ಮೆಟ್ಟಿಲಿಲ್ಲದ, ವೀಲ್‌ಚೇರ್ ಹೋಗುವಂಥ ಸಣ್ಣ ಹಾಲ್ ಗೊತ್ತಿದ್ದರೆ ತಿಳಿಸಿ. ನಮ್ಮಲ್ಲಿ ಮಂಡಿ ನೋವಿನವರೇ ಜಾಸ್ತಿ. ಟಾಯ್ಲೆಟ್ ಹತ್ತಿರದಲ್ಲೇ ಇರಬೇಕು.